ಫ್ಲಾಪಿಯಲ್ಲಿದ್ದ ಮುಖ

ತೊಂಬತ್ತರ ದಶಕದ ಕೊನೆ. ಹರಿಹರದ ನಮ್ಮ ಮನೆಯಿಂದ ನಾನು ದಿನಾ ಬಸ್ಸು ಹತ್ತಿ ದಾವಣಗೆರೆಗೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಟೈಪ್ ಮಾಡುವುದು, ಪ್ರಿಂಟ್ ತೆಗೆಯುವುದು, ಇಷ್ಟೇ ನನ್ನ ವಿದ್ಯೆ. ಮನೆಯವರ ಲೆಕ್ಕದಲ್ಲಿ ಮಾತ್ರ ನಾನು ಕಂಪ್ಯೂಟರನ್ನು ಅರೆದು ಕುಡಿದವಳು. ಆ ಜಂಭ ಒಂದು ಫ್ಲಾಪಿ ಬರುವ ತನಕ ನಡೆಯಿತು.

ಅದರಲ್ಲಿದ್ದದ್ದು ಅಕ್ಕನಿಗೆ ಗೊತ್ತು ಮಾಡಬೇಕೆಂದಿದ್ದ ಹುಡುಗನ ಫೋಟೊ. ಅವನು ಪುಣೆಯಲ್ಲಿದ್ದ. ಈಮೇಲಿನಲ್ಲಿ ಬಂದದ್ದನ್ನು ಭಾನುವಳ್ಳಿಯ ಅವನ ಭಾವ ಆಫೀಸಿನಲ್ಲಿ ಫ್ಲಾಪಿಗೆ ಹಾಕಿಸಿ ಕೊಟ್ಟಿದ್ದರು. ಅವರ ಕಡೆಯವರು ಅಕ್ಕನನ್ನು ನೋಡಿ ಒಪ್ಪಿಯಾಗಿತ್ತು. ನಾವು ಸಂಜೆಯೊಳಗೆ ಮಾತು ಕೊಡಬೇಕಿತ್ತು. ಫೋಟೊ ತೆರೆದರೆ ಸರಿ, ಇಲ್ಲದಿದ್ದರೂ ಮನೆತನ ಒಳ್ಳೆಯದು, ಹೂಂ ಅಂದುಬಿಡುತ್ತೇನೆ ಎಂದಿದ್ದರು ಅಪ್ಪಾಜಿ. ಅಂದರೆ ಅಕ್ಕ ಮುಖವನ್ನೇ ನೋಡದೆ ಮದುವೆಯಾಗಬೇಕು. ಫ್ಲಾಪಿ ಹಿಡಿದು ಅಪ್ಪಾಜಿ, ಅಕ್ಕ, ನಾನು ದಾವಣಗೆರೆಯ ಬಸ್ಸು ಹತ್ತಿದೆವು.

ಚಪ್ಪಲಿ ಹೊರಗೆ ಬಿಟ್ಟು ಅಕ್ಕನೂ ನಾನೂ ಕಂಪ್ಯೂಟರ್ ಕ್ಲಾಸಿನ ಒಳಗೆ ಹೋದೆವು. ಅಪ್ಪಾಜಿ ಬಾಗಿಲಾಚೆ ಬೆಂಚಿನ ಮೇಲೆ ಕೂತರು. ಮೇಷ್ಟ್ರು ಊಟಕ್ಕೆ ಹೋಗಿದ್ದರು. ಫೈಲಿನ ಹೆಸರಿನ ಬಾಲದಲ್ಲಿ ಜೆಪಿಜಿ ಎಂದಿತ್ತು. ಅಂಥದ್ದನ್ನು ನಾನು ಕಂಡೇ ಇರಲಿಲ್ಲ. ಒತ್ತಿದರೆ, ಯಾವುದರಲ್ಲಿ ತೆರೆಯಲಿ ಎಂದು ಒಂದು ಪಟ್ಟಿ ಬಂತು. ಗೊತ್ತಿದ್ದ ನೋಟ್‌ಪ್ಯಾಡನ್ನು ಆರಿಸಿದೆ. ಪರದೆ ತುಂಬ ಚೌಕ, ಗೀಟು, ಸೊಟ್ಟ ಅಕ್ಷರ. ವೈರಸ್ಸೇ ಬಂತೆಂದುಕೊಂಡೆ. ಅಕ್ಕ ಗಾಬರಿಯಲ್ಲಿ ಮುಂದೆ ಬಾಗಿದಾಗ ಅವಳ ಕೈ ಕೀಬೋರ್ಡಿಗೆ ತಗುಲಿತು. ಮುಚ್ಚಲು ಹೋದರೆ, ಬದಲಾದದ್ದನ್ನು ಸೇವ್ ಮಾಡಲೇ ಎಂದು ಕೇಳಿತು. ಏನೇ ಆಗಲಿ ಸೇವ್ ಮಾಡಿ ಎಂದೇ ನಮಗೆ ಕಲಿಸಿದ್ದರು. ಬೆರಳು ಅತ್ತಲೇ ಹೋಗಿ, ಯಾಕೋ ಹೆದರಿ, ಬೇಡ ಎಂದು ಒತ್ತಿತು. ಸೇವ್ ಮಾಡಿದ್ದರೆ ಆ ಮುಖ ಅಲ್ಲೇ ಹಾಳಾಗುತ್ತಿತ್ತು ಎಂದು ಎಷ್ಟೋ ಕಾಲದ ಮೇಲೆ ತಿಳಿಯಿತು.

ಈಮೇಲಿನಲ್ಲಿ ಬಂದದ್ದಲ್ಲವೇ, ಇಂಟರ್ನೆಟ್ಟಿನ ಬ್ರೌಸರಿನಲ್ಲೇ ತೆರೆದೀತು ಎಂದು ಅದನ್ನು ಆರಿಸಿದೆ. ಫ್ಲಾಪಿ ಕರಕರ ಎಂದಿತು. ಮೇಲಿನಿಂದ ಪಟ್ಟಿಪಟ್ಟಿಯಾಗಿ ಮೊದಲು ಕ್ರಾಪು, ಆಮೇಲೆ ಹಣೆ, ಕಣ್ಣು, ಮೀಸೆ ಇಳಿದವು. ಗಂಡಿನ ಕಡೆಯವರು ಬಂದಾಗಲೆಲ್ಲ ನೆಲ ನೋಡುತ್ತ ಚಹಾ ಕೊಟ್ಟು ಎದ್ದು ಬರುತ್ತಿದ್ದ ಅಕ್ಕ ತಲೆ ಎತ್ತಿ, ಕಣ್ಣು ಕೀಳದೆ ನೋಡಿದಳು. ಆಮೇಲೆ ಅಪ್ಪಾಜಿಯನ್ನು ಕರೆಯಲು ಹೇಳಿದಳು.

ಅಪ್ಪಾಜಿ ಬಂದು ನೋಡಿ, ಮುಖ ಲಕ್ಷಣವಾಗಿದೆ ಎಂದರು.

“ನಾ ಒಲ್ಲೆ, ಅಪ್ಪಾಜಿ.”

“ಯಾಕ? ಏನು ಕೊರತೆ ಐತೆ?”

“ಕೊರತೆ ಏನಿಲ್ಲ. ನನ್ನ ಮನಸ್ಸು ಒಪ್ಪಲಿಲ್ಲ. ಹಿಂದೆ ನನ್ನ ಬ್ಯಾಡ ಅಂದೋರು ಕೊರತೆ ಹೇಳಿ ಹೋದ್ರೇನು?”

ಕೈ ಎತ್ತುತ್ತಾರೆಂದು ನಾನು ಕುರ್ಚಿ ಗಟ್ಟಿಯಾಗಿ ಹಿಡಿದೆ. ಅವರು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ತಾವೊಬ್ಬರೇ ಭಾನುವಳ್ಳಿಗೆ ಹೋಗಿ ಹೇಳಿ ಬರುವುದಾಗಿ ಹೇಳಿ ನಮ್ಮನ್ನು ಹರಿಹರದ ಬಸ್ಸು ಹತ್ತಿಸಿದರು. ಏನು ಹೇಳುತ್ತೀರಿ ಎಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ದಾರಿಯುದ್ದಕ್ಕೂ ಅಕ್ಕನ ಕಣ್ಣು ಮತ್ತೆ ನೆಲದ ಮೇಲೆ. ಮನೆಯಲ್ಲಿ ಗೇಟು ಸದ್ದಾದಾಗಲೆಲ್ಲ ನಾನು ಕಿಟಕಿಗೆ ಓಡುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಅಪ್ಪಾಜಿ ಬಂದರು. ಅಕ್ಕನ ಹತ್ತಿರ ನೀರು ಕೇಳಿ ಕುಡಿದು, ತಂಬಿಗೆ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಇನ್ನೊಂದು ಫೋಟೊ ಬಂದ್ರೆ, ಮೊದ್ಲು ಇವಳಿಗೆ ತೋರ್ಸು.”

ಅಲ್ಲಿಯವರೆಗೆ ತಡೆದುಕೊಂಡಿದ್ದ ಅಕ್ಕ ಆಗ ಅತ್ತಳು.