ನಕ್ವಾವಿಗೆ ತೋರಿಸಿದ ನಾಲ್ಕು ಚಕ್ಕೆ

ನನ್ನ ಚಿಕ್ಕಮ್ಮ ನಕ್ವಾವಿ ಶಾಲೆಯ ಮುಖ ಕಂಡವಳಲ್ಲ. ಆದರೂ ತುರ್ಕಾನಾ ಸರೋವರದ ಪಡುವಣ ದಂಡೆಯಲ್ಲಿ, ಹಳೆಗಾಲದ ಅವಶೇಷ ಅಗೆಯುವವರ ಶಿಬಿರದಲ್ಲಿ, ಸಿಕ್ಕ ಕಲ್ಲುಗಳಲ್ಲಿ ಯಾವುದು ಹಿಂದಿನವರ ಹತಾರ, ಯಾವುದು ಬರೀ ಕಲ್ಲು ಎಂದು ತೀರ್ಮಾನಿಸುವವಳು ಅವಳೇ. ಪದವಿ ಮುಗಿಸಿ ಬಂದ ನಾನು, ಅವಳು ಇಟ್ಟುಕೊಂಡ ಕಲ್ಲುಗಳಿಗೆ ಚೀಟಿ ಬರೆಯುತ್ತಿದ್ದೆ.

ಅವಳು ಒಮ್ಮೆ ಮೋಸಹೋಗಿದ್ದಳು. ತಾಳೆಮರದ ಬುಡದಲ್ಲಿ ಸಿಕ್ಕ, ಕುಳಿಬಿದ್ದ ಕಲ್ಲೊಂದನ್ನು ಹಳೆಯದೆಂದು ಒಪ್ಪಿದ್ದಳು. ಶಿಬಿರದವರು ಅಲ್ಲಿ ತಿಂಗಳಿಡೀ ಅಗೆದ ಮೇಲೆ ಮುದುಕಿಯೊಬ್ಬಳು ಬಂದು, ಅದು ತಾನು ತಾಳೆಕಾಯಿ ಜಜ್ಜುವ ಕಲ್ಲು, ವಾಪಸ್ ಕೊಡಿ ಎಂದಳು. ಅಂದಿನಿಂದ ಚಿಕ್ಕಮ್ಮನಿಗೆ ಪ್ರತಿ ಕಲ್ಲೂ ಕಳ್ಳ. ಆಡಿನ ಗೊರಸಿಗೆ ಸಿಕ್ಕಿ ಒಡೆದ ಚೂರುಗಳನ್ನಂತೂ ದೂರದಿಂದಲೇ ಎಸೆಯಿಸುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಮೈದುನ ಎಸೆಕೊನ್ ಬಟ್ಟೆಯಲ್ಲಿ ನಾಲ್ಕು ಕಲ್ಲಿನ ಚಕ್ಕೆ ಕಟ್ಟಿಕೊಂಡು ಬಂದ. ತನ್ನ ಮನೆಯ ಹತ್ತಿರದ ಹಳ್ಳದಲ್ಲಿ ಸಿಕ್ಕಿದವು ಎಂದ. ಅವಳು ಒಪ್ಪಿದರೆ ಶಿಬಿರ ಆ ಹಳ್ಳಕ್ಕೆ ಹೋಗುತ್ತಿತ್ತು. ಶಿಬಿರದವರು ಹೋದಲ್ಲೆಲ್ಲ ಮೊದಲು ಕೊಳವೆಬಾವಿ ಕೊರೆಯುತ್ತಾರೆ. ಎಸೆಕೊನ್‌ನ ಹೆಂಡತಿ ಅಕೊಲೊಂಗ್ ನೀರಿಗಾಗಿ ಅರ್ಧ ದಿನ ನಡೆಯುತ್ತಿದ್ದಳು.

ಚಿಕ್ಕಮ್ಮ ಒಂದೊಂದನ್ನೂ ತಿರುಗಿಸಿ ನೋಡಿದಳು. ಮನುಷ್ಯ ಬಡಿದು ಎಬ್ಬಿಸಿದ ಚಕ್ಕೆಗಿರುವಂತೆ, ಏಟು ಬಿದ್ದ ಕಡೆ ಉಬ್ಬು ಸರಿಯಾಗಿತ್ತು. ಒಂದರ ಅಂಚು ಮಾತ್ರ ನಿನ್ನೆ ಒಡೆದಂತೆ ಮಿಂಚುತ್ತಿತ್ತು. ಇನ್ನೊಂದನ್ನು ಮೂಸಿದಳು.

"ಆಡಿನ ಕೊಬ್ಬಿನ ವಾಸನೆ. ಏನಯ್ಯಾ, ಈ ಕಲ್ಲು ನಿಮ್ಮನೇಲಿ ಊಟ ಮುಗಿಸ್ಕೊಂಡು ಬಂತಾ?"

"ಮದುವೆ ದಿನ ನಮ್ಮಣ್ಣ ನಿಮ್ಮಪ್ಪಂಗೆ ಕೊಡೋಕೆ ತಂದ ಎತ್ತನ್ನೂ ಹೀಗೇ ಮೂಸಿದ್ಯಂತಲ್ಲ ಅತ್ತಿಗೆ."

"ಮೂಸಿದ್ದಕ್ಕೇ ಅದು ಮುದಿ ಅಂತ ಗೊತ್ತಾಗಿದ್ದು. ನಡಿ, ನಿನ್ನ ಹೆಂಡ್ತೀನೇ ಕೇಳೋಣ."

ನಾವು ಹೋದಾಗ ಅಕೊಲೊಂಗ್ ನೆಲಕ್ಕೆ ಗೂಟ ಹೊಡೆದು ಬಿಗಿದ ಆಡಿನ ಚರ್ಮವನ್ನು ಕೆರೆಯುತ್ತಿದ್ದಳು. ಚಕ್ಕೆಗಳನ್ನು ಕಂಡದ್ದೇ ಗಂಡನ ಕಡೆ ತಿರುಗಿದಳು.

"ಓ, ಕದ್ದಿದ್ದು ನೀನಾ? ನೋಡಕ್ಕಾ, ಹಳ್ಳದ ದಂಡೇಲಿ ಮೂರು ಸಿಕ್ಕಿತ್ತು. ಚರ್ಮ ಕೆರೆಯೋಕೆ ಚಾಕುಗಿಂತ ವಾಸಿ."

"ಮೂರಾ? ಇವನು ನಾಲ್ಕು ತಂದಿದಾನೆ."

ಎಸೆಕೊನ್ ತನ್ನ ಟೈರಿನ ಚಪ್ಪಲಿ ನೋಡಿಕೊಂಡ. "ಒಂದನ್ನ ನಾನೇ ಒಡೆದೆ. ಮೂರು ಕಮ್ಮಿ ಆಯ್ತೇನೋ ಅನ್ನಿಸ್ತು."

ಚಿಕ್ಕಮ್ಮ ಬೈಯಲಿಲ್ಲ. ಅವನನ್ನು ಮನೆಯ ಹತ್ತಿರವೇ ಕೂರಿಸಿ, ಅಕೊಲೊಂಗ್ ಜೊತೆ ಹಳ್ಳಕ್ಕೆ ಇಳಿದಳು. ನಾನೂ ಹಿಂದೆ ಹೋದೆ. ದಂಡೆಯ ಗೋಡೆಯಲ್ಲಿ, ಅಕೊಲೊಂಗ್ ತೋರಿಸಿದ ಜಾಗದ ಪಕ್ಕದಲ್ಲೇ, ಉಗುರಿನಷ್ಟು ಕಲ್ಲಿನ ಅಂಚೊಂದು ಹೊರಗೆ ಕಾಣುತ್ತಿತ್ತು. ಯಾರಾದರೂ ತುರುಕಿರಬಹುದೇ ಎಂದು ಚಿಕ್ಕಮ್ಮ ಸುತ್ತಲಿನ ಮಣ್ಣನ್ನು ಕೆರೆದಳು. ಮಣ್ಣು ಇಟ್ಟಿಗೆಯಂತಿತ್ತು. ಬಿಳಿ ಸುಣ್ಣದ ಪದರ ಮಣ್ಣಿನಿಂದ ಕಲ್ಲಿನ ಮೇಲಕ್ಕೆ ಎಲ್ಲೂ ಬಿರುಕಿಲ್ಲದೆ ಹಬ್ಬಿತ್ತು; ಈಚೆಗೆ ಯಾರೂ ತುರುಕಿದ್ದಲ್ಲ. ಅವಳು ಕಲ್ಲನ್ನು ಕೀಳಲಿಲ್ಲ. ಕೆಳಗೆ ಗುರುತಿಗೆ ಕಲ್ಲಿನ ಗುಡ್ಡೆ ಒಟ್ಟಿದಳು.

"ಇದನ್ನ ಬರ್ಕೋ," ಎಂದಳು ನನಗೆ.

ಮನೆಯ ಹತ್ತಿರ ಮರಳಿದ ಮೇಲೆ, ಎಸೆಕೊನ್ ತಂದಿದ್ದ ನಾಲ್ಕನ್ನೂ ಅಕೊಲೊಂಗ್ ಕೈಗೆ ವಾಪಸ್ ಕೊಟ್ಟಳು. ಇದ್ದ ಜಾಗದಿಂದ ಎತ್ತಿಬಿಟ್ಟ ಕಲ್ಲಿನ ಕಾಲ ಹೇಳಲಾಗದು, ಅವು ಶಿಬಿರಕ್ಕೆ ಬೇಡ.

"ಹಾಗಾದ್ರೆ ಬಾವಿ ಬರುತ್ತಾ ಅತ್ತಿಗೆ?" ಎಸೆಕೊನ್ ಕೇಳಿದ.

"ನಾಳೆ ಶಿಬಿರದವರನ್ನ ಕರ್ಕೊಂಡು ಬರ್ತೀನಿ. ಆ ಕಲ್ಲು ಈಗಿದ್ದ ಹಾಗೇ ಇದ್ರೆ ಬರುತ್ತೆ. ಇವತ್ತು ನೀನು ನಮ್ಮನೇಲಿ ಮಲಗು. ನಿನ್ನ ಕೈ ಸುಮ್ನಿರಲ್ಲ."

ಅವನು ಮಲಗುವಾಗ ತಲೆಗಿಡುವ ಮರದ ಮಣೆಯನ್ನು ಎತ್ತಿಕೊಂಡು ಹೊರಟ. ದಾರಿಯುದ್ದಕ್ಕೂ ಚಿಕ್ಕಮ್ಮ ಅವನನ್ನು ಮುಂದೆ ಬಿಟ್ಟುಕೊಂಡೇ ನಡೆದಳು.