ಕೆಂಪು ಬಾಳೆಯ ಸೀಕರಣಿ ಮತ್ತು ನನ್ನ ಮೇಲಿನ ಆರೋಪ

ನನ್ನ ಜೀವಮಾನದಲ್ಲಿ ನನ್ನನ್ನು ಕಳ್ಳನೆಂದವರು ಒಬ್ಬರೇ. ಅದೂ ಬಾಳೆಹಣ್ಣಿನ ವಿಷಯದಲ್ಲಿ. ಅವರು ತೀರಿಕೊಂಡು ಬಹುಕಾಲವಾಯಿತು. ಕೊನೆಯವರೆಗೂ ಅವರು ಆ ಮಾತನ್ನು ಹಿಂತೆಗೆದುಕೊಳ್ಳಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ನಿಜಾಮರ ಆಳ್ವಿಕೆಯ ಕಾಲ. ಕಲಬುರಗಿಯಲ್ಲಿ ಶಾಲೆ ಮುಗಿಸಿ, ಅದೇ ವರ್ಷ ಕಮಲಾಪುರದ ಮನೆತನವೊಂದರ ಅಳಿಯನಾಗಿದ್ದೆ. ಮೊದಲ ದೀಪಾವಳಿಗೆ ಕರೆಸಿಕೊಂಡಿದ್ದರು. ಊಟಕ್ಕೆ ಹೋಳಿಗೆ, ಜೊತೆಗೆ ಅವರ ತೋಟದ ಕೆಂಪು ಬಾಳೆಯ ಸೀಕರಣಿ. ಅಡುಗೆಮನೆಯ ಅಧಿಕಾರವೆಲ್ಲ ಮಾವನವರ ಅಕ್ಕ, ದೊಡ್ಡತ್ತೆಯದು. ಸೀಕರಣಿಗೆ ಹಣ್ಣಿನ ಹೋಳುಗಳಿಗೆ ಬೆಲ್ಲದ ಪುಡಿ ಬೆರೆಸುವುದು ಬಡಿಸುವ ಹೊತ್ತಿಗೆ. ದೊಡ್ಡತ್ತೆ ಅವಸರದಲ್ಲಿ ಬೆಳಗ್ಗೆಯೇ ಬೆರೆಸಿ, ಬೋಗುಣಿ ತುಂಬಿಸಿಟ್ಟು, ಹೆಂಗಸರೊಡನೆ ಪಕ್ಕದ ಮನೆಯ ಆರತಿಗೆ ಹೋದರು. ಬೆಕ್ಕು ಬಾಯಿ ಹಾಕದಂತೆ ನೋಡಿಕೊಳ್ಳಲು ನನ್ನನ್ನು ಕೂರಿಸಿದರು. ಹೊಸ ಅಳಿಯನಿಗೆ ಬೆಕ್ಕು ಕಾಯುವ ಕೆಲಸ: ಇದು ಮೊದಲನೆಯ ಅವಮಾನ. ಅದನ್ನು ನುಂಗಿಕೊಂಡೆ, ಬೇರೇನನ್ನೂ ನುಂಗಲಿಲ್ಲ.

ಅವರು ಮರಳಿ ಮುಚ್ಚಳ ತೆಗೆದಾಗ ಹೋಳುಗಳು ಬಡವಾಗಿ ಕೆಳಗಿಳಿದು, ರಸದಲ್ಲಿ ಮುಳುಗಿದ್ದವು.

“ಅಳಿಯ ದೇವ್ರ, ಹಸಿವಿ ಆಗಿದ್ರ ಕೇಳಬೇಕಿತ್ತು. ಹಣ್ಣು ತಿಂದು ಮ್ಯಾಲ ನೀರು ಯಾಕ ಸುರುವಿದ್ರಿ?” ಎಂದರು ದೊಡ್ಡತ್ತೆ.

ಬಾಗಿಲ ಮರೆಯಲ್ಲಿದ್ದ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳೊಡನೆ ನಾನಿನ್ನೂ ನಾಲ್ಕು ಮಾತು ಆಡಿರಲಿಲ್ಲ. ನನ್ನನ್ನು ಹಣ್ಣುಗಳ್ಳನೆಂದು ಅವಳೂ ನಂಬಿಬಿಟ್ಟರೆ ಮುಂದಿನ ಸಂಸಾರದ ಗತಿಯೇನು?

ಶಾಲೆಯಲ್ಲಿ ಉರ್ದುವಿನಲ್ಲಿ ಕಲಿತದ್ದನ್ನು ಕಷ್ಟಪಟ್ಟು ಕನ್ನಡದಲ್ಲಿ ವಿವರಿಸಿದೆ. ಹಣ್ಣಿನ ಒಡಲೆಲ್ಲ ಕಣ್ಣಿಗೆ ಕಾಣದ ಕೋಶಗಳು. ಪ್ರತಿ ಕೋಶಕ್ಕೂ ತೆಳುವಾದ ಪೊರೆ. ಆ ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಬೆಲ್ಲವನ್ನು ಬಿಡದು. ಹೊರಗಿನ ಬೆಲ್ಲದ ಪಾಕ ಒಳಗಿನ ರಸಕ್ಕಿಂತ ದಟ್ಟವಾಗಿದ್ದರೆ, ಒಳಗಿನ ನೀರು ಪೊರೆ ದಾಟಿ ಆ ದಟ್ಟವಾದ ಕಡೆಗೆ ಹರಿಯುತ್ತದೆ. ಹೋಳು ಕುಗ್ಗುತ್ತದೆ, ಪಾಕ ತೆಳುವಾಗಿ ಮೇಲೇರುತ್ತದೆ.

ದೊಡ್ಡತ್ತೆ ಪೂರ್ತಿ ಕೇಳಿಸಿಕೊಂಡು, ಇದಕ್ಕಿಂತ ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದರೆ ನಂಬುತ್ತಿದ್ದೆ ಎಂದರು.

ನಾನು ಮರುಪರೀಕ್ಷೆ ಕೇಳಿದೆ. ನ್ಯಾಯವಂತರಾದ ಮಾವನವರು ಒಪ್ಪಿ ಇನ್ನೊಂದು ಬೋಗುಣಿ ತುಂಬಿಸಿದರು. ಅಕ್ಕ ತಮ್ಮ ಇಬ್ಬರೂ ಅದರ ಎರಡು ಬದಿಗೆ ಕುಳಿತರು. ನನ್ನನ್ನು ಅಂಗಳದಾಚೆ, ಬೆಕ್ಕಿನೊಡನೆ ಕೂರಿಸಲಾಯಿತು: ಇದು ಎರಡನೆಯ ಅವಮಾನ. ನಡುವೆ ಒಮ್ಮೆ ಮಾತ್ರ ದೊಡ್ಡತ್ತೆ ಹೋಳಿಗೆ ನೋಡಿಕೊಂಡು ಬರಲು ಎದ್ದುಹೋದರು.

ಮಧ್ಯಾಹ್ನ ಹಸಿದ ಮನೆಯೆಲ್ಲ ಸುತ್ತ ನೆರೆದಾಗ ಮುಚ್ಚಳ ತೆಗೆದರು. ಮತ್ತದೇ ಕುಗ್ಗಿದ ಹೋಳು, ಅದೇ ರಸ. ನಾನು ಎದೆಯುಬ್ಬಿಸಿ ನಿಂತೆ. ದೊಡ್ಡತ್ತೆ ಬೋಗುಣಿಯನ್ನು ಬಹಳ ಹೊತ್ತು ನೋಡಿ, ತಮ್ಮನ ಕಡೆ ತಿರುಗಿದರು.

“ತಮ್ಮಾ, ನೀ ಯಾವಾಗ ತಿಂದಿ?”

ನಿರಪರಾಧಿಯೆಂಬ ತೀರ್ಪು ನನಗೆ ಸಿಗಲಿಲ್ಲ. ಕಳ್ಳರು ಇಬ್ಬರಾದರು, ಅಷ್ಟೆ. ಮಾವನವರು ಪೊರೆಯ ವಿಷಯವನ್ನು ನನ್ನಿಂದ ಮತ್ತೊಮ್ಮೆ ಹೇಳಿಸಿ, ಈ ಸಲ ಬಲು ಶ್ರದ್ಧೆಯಿಂದ ತಲೆದೂಗಿದರು. ಪ್ರಯೋಜನವಾಗಲಿಲ್ಲ. ಪಂಕ್ತಿಯಲ್ಲಿ ಬಡಿಸುತ್ತಿದ್ದ ನನ್ನ ಹೆಂಡತಿಗೆ ದೊಡ್ಡತ್ತೆಯ ಅಪ್ಪಣೆಯಾಯಿತು: “ಅವರಿಬ್ಬರಿಗೂ ಬರೇ ರಸ ಹಾಕು. ಹಣ್ಣು ತಿಂದದ್ದು ಆಗ್ಯಾದ.”

ನನ್ನ ಬಟ್ಟಲಿಗೂ ರಸವೇ ಬಂತು. ಕೈಯಿಟ್ಟರೆ ತಳದಲ್ಲಿ ಹೋಳುಗಳು ತುಂಬಿದ್ದವು. ಅವಳು ನನ್ನ ಮಾತನ್ನು ನಂಬಿದ್ದಾಳೆಂದು ಆಗ ತಿಳಿಯಿತು. ಮಾವನವರ ಬಟ್ಟಲಿನಲ್ಲಿ ಮಾತ್ರ ಬರಿಯ ರಸವೇ ಇತ್ತು.