ಕಾಲುವೆ ಸೀಮೆಯ ಗುರುಬಸವ ಹಿನ್ನೀರಿನ ದಂಡೆಯಲ್ಲಿ ಮಲಗಿದ್ದು

ಬಳಗಾನೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಗುರುಬಸವ ಅರವತ್ತರ ಹೊಸ್ತಿಲಿಗೆ ಬಂದರೂ ಒಂದು ರಾತ್ರಿ ಒಬ್ಬನೇ ಮಲಗಿದವನಲ್ಲ. ಅವನ ಮನೆಯಲ್ಲಿ ಮಂದಿ ಎಷ್ಟೆಂದರೆ, ಒಬ್ಬ ಮಗ್ಗಲು ಬದಲಿಸಬೇಕಾದರೆ ಪಂಚಾಯ್ತಿ ಠರಾವು ಪಾಸಾಗಬೇಕು. ಅಂಥವನು ಫೋನಿನಲ್ಲಿ ಯಾರೋ ಕೆರೆಯ ದಂಡೆಗುಂಟ ಗಾಡಿ ಓಡಿಸಿ, ಡೇರೆ ಹಾಕಿ ಮಲಗಿದ್ದನ್ನು ನೋಡಿ, ತಾನೂ ಹೊರಡುತ್ತೇನೆಂದು ಹಟ ಹಿಡಿದ.

"ಮನಿ ಏನ್ ಸೋರಾಕತ್ತೈತೇನ್ರಿ?" ಎಂದಳು ಹೆಂಡತಿ ಕಸ್ತೂರೆಮ್ಮ.

"ಸೋರಿದ್ರ ಚಲೋ ಇತ್ತು. ನಾಕು ಮಂದಿ ಆದ್ರೂ ಎದ್ದು ಹೋಗ್ತಿದ್ರು."

"ಸಕ್ರಿ ಬ್ಯಾನಿ ಮನಿಷ್ಯಾರು ನೀವು. ಸೂಜಿ ಚುಚ್ಚಿಕೊಂಡ ಮ್ಯಾಲ ಉಣ್ಣದಿದ್ರ ನಿಂತಲ್ಲೇ ಬೀಳ್ತೀರಿ. ಅಲ್ಲಿ ಎತ್ತಾವ್ರು ಯಾರು?"

"ಒಬ್ಬನ ಹೋಗೋದು ಅಂದ್ರ ಅದಾ ಅಲ್ಲೇನ, ಯಾರೂ ಎತ್ತಬಾರ್ದು."

ಶ್ರಾವಣದಲ್ಲಿ ಹೊರಟೇಬಿಟ್ಟ. ಮೊಪೆಡ್ಡಿನ ಮೇಲೆ ಡೇರೆ, ಕೌದಿ, ಸ್ಟೌ, ತಿನ್ನಲು ಮಂಡಾಳಿನ ಚೀಲ, ರೊಟ್ಟಿಯ ಗಂಟು ಹೇರಿದ ಮೇಲೆ ಗಾಡಿಯೇ ಕಾಣಲಿಲ್ಲ. ಮಸ್ಕಿಯಲ್ಲಿ ಒಬ್ಬ ಮುದುಕಿ ಇದನ್ನು ಬಸ್ಸೆಂದು ತಿಳಿದು ಕೈ ಮಾಡಿದಳಂತೆ. ಗಂಡ ಅತ್ತ ಹೋಗುತ್ತಲೇ ಕಸ್ತೂರೆಮ್ಮ ಇತ್ತ ಲಿಂಗಸುಗೂರಿನ ತವರಿಗೆ ನಡೆದಳು.

ಲಿಂಗಸುಗೂರು ದಾಟಿ ಉತ್ತರಕ್ಕೆ ಹೋದರೆ ಕೃಷ್ಣೆಯ ಹಿನ್ನೀರು. ಕಾಲುವೆಗಾದರೆ ಆ ದಂಡೆ ಈ ದಂಡೆ ಎಂದು ಎರಡಿರುತ್ತವೆ, ಇದಕ್ಕೆ ಕಂಡದ್ದು ಒಂದೇ. ಗುರುಬಸವ ಹಿಗ್ಗಿ ದಂಡೆಗುಂಟ ಗಾಡಿ ಬಿಟ್ಟ. ದಾರಿಯ ಊರೂರಿನಲ್ಲೂ ಒಂದೇ ಸವಾಲು: "ಮನ್ಯಾಗ ಜಗಳ ಏನ್ರಿ?" ಮೊದಲ ರಾತ್ರಿ ಒಂದು ಗುಡಿಯ ಕಟ್ಟೆಯ ಮೇಲೆ ಕಳೆಯಿತು. ಎರಡನೆಯ ಸಂಜೆ ಊರುಗಳ ಸವಾಲಿಗೆ ಬೇಸತ್ತು, ಮನುಷ್ಯರ ಸುಳಿವಿಲ್ಲದ ಕಡೆ ನೀರಿನ ತುಟಿಯಲ್ಲೇ ಡೇರೆ ಹೂಡಿದ.

ಅಲ್ಲೇ ತಪ್ಪಿದ್ದು. ನಮ್ಮ ಕಾಲುವೆ ಸೀಮೆಯವರಿಗೆ ನೀರೆಂದರೆ ಸರಕಾರಿ ನೌಕರನಿದ್ದಂತೆ. ಬರುವ ಮೊದಲು ಊರಿಗೆಲ್ಲ ಸುದ್ದಿ ಬರುತ್ತದೆ, ಬಂದರೂ ದಂಡೆಯೊಳಗೇ ಇರುತ್ತದೆ. ಹಿನ್ನೀರು ಹಾಗಲ್ಲ. ಮೇಲೆಲ್ಲೋ ಮಳೆಯಾದರೆ ಸಪ್ಪಳವಿಲ್ಲದೆ ಹೊಲ ಹತ್ತುತ್ತದೆ.

ಗುರುಬಸವ ಜಳಕ ಮಾಡಿದ. ಅವನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಹುಟ್ಟಿದಾಗ ಮಠದ ಅಯ್ಯನವರು ಕಟ್ಟಿದ ಇಷ್ಟಲಿಂಗ. ಮೈಯಿಂದ ಅದನ್ನು ಅಗಲಿಸಬಾರದು. ಅದರ ಪೂಜೆಯಾಗದೆ ಬಾಯಿಗೆ ಹನಿ ನೀರೂ ಬೀಳಬಾರದು. ಆದರೆ ಹಸಿ ದಾರ ಕೊರಳು ಕೊರೆಯುತ್ತಿತ್ತು. ಒಣಗಲೆಂದು ನೀರಂಚಿನ ಗಿಡ್ಡ ಜಾಲಿಗಿಡಕ್ಕೆ ತೂಗುಹಾಕಿದ. ರೊಟ್ಟಿ ತಿಂದ. ಡೇರೆಯಲ್ಲಿ ಕೈಕಾಲು ಚಾಚಿದ್ದೇ ನಿದ್ದೆ ಹೊಡೆಯಿತು.

ಬೆಳಕು ಹರಿದಾಗ ಕಾಲಡಿಯ ಕೌದಿ ಒದ್ದೆಯಾಗಿತ್ತು. ಎಂದಿನ ರೂಢಿಯಂತೆ ಮೊದಲು ಸೂಜಿ ಚುಚ್ಚಿಕೊಂಡು, ಪೂಜೆಗೆಂದು ಕೊರಳು ಮುಟ್ಟಿಕೊಂಡ. ಬರಿಗೊರಳು. ಹೊರಗೆ ಬಂದು ನೋಡಿದರೆ ಜಾಲಿಗಿಡವೂ ಇಲ್ಲ, ಅದು ನಿಂತಿದ್ದ ನೆಲವೂ ಇಲ್ಲ.

ಈಜು ಬಾರದವನು ನೀರಿಗಿಳಿದ. ಎದೆಮಟ್ಟದಲ್ಲಿ ಮುಳುಗೇಳುತ್ತಿದ್ದವನನ್ನು ಮೀನು ಹಿಡಿಯುವ ದಾವಲ್‌ಸಾಬ್ ಧೋತರ ಹಿಡಿದು ದಂಡೆಗೆಳೆದ.

"ಸಾಯಾಕ ಬಂದೀರೇನ್ರಿ ಸಾವ್ಕಾರ್ರ?"

ಗುರುಬಸವ ಕರಡಿಗೆಯ, ಪೂಜೆಯ, ಸೂಜಿಯ ಸಂಗತಿ ಹೇಳಿದ. ದಾವಲ್‌ಸಾಬ್ ಹರಗೋಲು ತಿರುಗಿಸಿ, ಗಳಕ್ಕೆ ಕೊಕ್ಕೆ ಕಟ್ಟಿ, ಬಿಸಿಲೇರುವ ತನಕ ತಡಕಿದ. ಜಾಲಿಗಿಡ ಸಿಕ್ಕಿತು, ಕರಡಿಗೆ ಸಿಗಲಿಲ್ಲ. ನೀರು ಇನ್ನೂ ಏರುತ್ತಿತ್ತು. ದಂಡೆಯಲ್ಲಿ, ಸೂಜಿ ಚುಚ್ಚಿಕೊಂಡು ಉಣ್ಣದೆ ಕೂತ ಗುರುಬಸವನ ಕೈಕಾಲು ನಡುಗತೊಡಗಿದವು, ಅಂಗಿ ಬೆವರಿನಲ್ಲಿ ತೊಯ್ದಿತು.

"ಒಂದ್ ಚೂರು ಬೆಲ್ಲ ಬಾಯಾಗ ಹಾಕ್ಕೊಳ್ರಿ. ನಮ್ಮ ರೋಜಾದಾಗೂ ಬ್ಯಾನಿ ಇದ್ದಾವ್ರಿಗೆ ಬಿಡಾಕ ಹುಕುಂ ಐತ್ರಿ."

"ನಿಮಗ ಐತಿ, ದಾವಲ್‌ಸಾಬ. ನನಗ ಹುಕುಂ ಕೊಡಾವ ನೀರಾಗ ಅದಾನ."

ದಾವಲ್‌ಸಾಬ್ ಅವನ ಫೋನು ಕಸಿದು ಕಸ್ತೂರೆಮ್ಮನಿಗೆ ಹಚ್ಚಿದ. ಆಕೆ ಆಟೋ ಹಿಡಿದು ಬಂದ ವೇಗಕ್ಕೆ ದಾರಿಯ ಧೂಳು ಆಕೆಯ ಹಿಂದೆಯೇ ಉಳಿದು, ಮರುದಿನ ಬಂದು ಮುಟ್ಟಿತೆನ್ನುತ್ತಾರೆ. ಬೈಯುವಳೆಂದು ಗುರುಬಸವ ತಲೆ ತಗ್ಗಿಸಿದ್ದ. ಬೈಯಲಿಲ್ಲ. ಗಂಡನ ತುಟಿಯ ಬಣ್ಣ ನೋಡಿದಳು. ನೀರಿಗೆ ಹೋಗಿ ಕೈಕಾಲು ತೊಳೆದುಬಂದು, ತನ್ನ ಕೊರಳ ಕರಡಿಗೆ ಬಿಚ್ಚಿ, ತನ್ನ ಲಿಂಗವನ್ನು ಎಡಗೈಯಲ್ಲಿಟ್ಟು ಅವನ ಮುಂದೆ ಹಿಡಿದಳು.

"ಮಾಡ್ರಿ."

"ಇನ್ನೊಬ್ಬರದು ಮುಟ್ಟಬಾರ್ದು ಅಂತೈತೆಲ್ಲ..."

"ಮುಟ್ಟಬ್ಯಾಡ್ರಿ. ನನ್ನ ಕೈಯಾಗ ಇರ್ತೈತಿ, ಇಬತ್ತಿ ನಾ ಹಚ್ತೀನಿ. ನೀವು ನೋಡ್ರಿ, ಸಾಕು."

"ಅಯ್ಯನೋರು ಏನಂತಾರ?"

"ಅನ್ಲಿ ಬಿಡ್ರಿ. ಅವ್ರಿಗೇನು ಗಂಡ ಅದಾನೇನು?"

ದಾವಲ್‌ಸಾಬ್ ಮುಖ ಆಚೆ ತಿರುಗಿಸಿ ನಿಂತ. ಗುರುಬಸವ ನೋಡಿದ. ಕಣ್ಣು ಮಂಜಾಗಿ ಹೆಂಡತಿಯ ಅಂಗೈಯೂ ಸರಿಯಾಗಿ ಕಾಣುತ್ತಿರಲಿಲ್ಲ. ಕೈ ಮುಗಿದ. ಆಕೆ ಲಿಂಗವನ್ನು ಕರಡಿಗೆಯಲ್ಲಿಟ್ಟುಕೊಂಡು, ಬೆಲ್ಲ ಮುರಿದು ಅವನ ಬಾಯಿಗೆ ತುರುಕಿ, ರೊಟ್ಟಿಯ ಗಂಟು ಬಿಚ್ಚಿದಳು.

"ಇದು ನಡೀತೈತೇನ?"

"ಇನ್ನೊಂದು ತುತ್ತು ತಗೋರಿ."

ಅವನು ಅಗಿಯುತ್ತಿದ್ದ. ಪ್ರತಿ ತುತ್ತಿಗೂ ಕಣ್ಣು ನೀರಿನ ಕಡೆ ಹೋಗುತ್ತಿತ್ತು. ಕಸ್ತೂರೆಮ್ಮ ಎದ್ದು, ಹಿನ್ನೀರಿಗೆ ಬೆನ್ನು ಮಾಡಿ ಅವನೆದುರಿಗೆ ಕೂತಳು.